ಹಗಲು ಹನ್ನೊಂದೂವರೆಗೆ ತೊಗಲುಗೊಂಬೆ

ಮೊದಲೇ ಹೇಳಿಬಿಡುತ್ತೇನೆ, ಇದು ನಾವು ಕೆಡಿಸಿದ ಒಂದು ಕಾರ್ಯಕ್ರಮದ ಕತೆ. ಕೆಡಿಸಿದ ಹದಿನೈದು ತಿಂಗಳಿಗೆ ಅದೇ ಮೇಳದವರನ್ನು ಮತ್ತೆ ಕರೆದೆವು, ಅವರೂ ದೊಡ್ಡ ಮನಸ್ಸು ಮಾಡಿ ಬಂದರು. ಎರಡು ಸಲಕ್ಕೂ ಏನು ವ್ಯತ್ಯಾಸ ಆಯಿತು ಅನ್ನುವುದನ್ನು ಖರ್ಚಿನ ಲೆಕ್ಕದ ಸಮೇತ ಬರೆದಿಡುತ್ತಿದ್ದೇನೆ. ಶಾಲೆಗೆ ಕಲಾವಿದರನ್ನು ಕರೆಸಬೇಕು ಅಂತ ಹೊರಟಿರುವ ಮೇಷ್ಟ್ರು, ಮೇಡಂಗಳು ಯಾರಾದರೂ ಇದ್ದರೆ ಉಪಯೋಗಕ್ಕೆ ಬಂದೀತು.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿ. ಆಗ 143 ಮಕ್ಕಳಿದ್ದರು, ಎಚ್‌ಎಂ ಮೇಡಂ ಸೇರಿ ಆರು ಜನ ಶಿಕ್ಷಕರು. ಸಭಾಂಗಣ ಅಂತ ಏನೂ ಇಲ್ಲ. ಎರಡು ಕೊಠಡಿ ನಡುವಿನ ಮಡಚೋ ಬಾಗಿಲು ತೆಗೆದರೆ ಅದೇ ಹಾಲು. ಅದರ ಎಂಟು ಕಿಟಕಿಯಲ್ಲಿ ಮೂರಕ್ಕೆ ಬಾಗಿಲೇ ಇಲ್ಲ. ಈ ಕಿಟಕಿಗಳ ವಿಷಯ ಮುಂದೆ ಬರುತ್ತದೆ.

2022ರ ನವೆಂಬರ್ 14, ಮಕ್ಕಳ ದಿನಾಚರಣೆ. ಪ್ರತಿ ವರ್ಷ ಅದೇ ಛದ್ಮವೇಷ, ಅದೇ ಭಾಷಣ, ಅದೇ ಮಿಠಾಯಿ. ಈ ಸಲ ತೊಗಲುಗೊಂಬೆ ಮೇಳ ಕರೆಸೋಣ ಅಂದವನು ನಾನೇ. ನಮ್ಮಿಂದ ನಲವತ್ತು ಕಿಲೋಮೀಟರ್ ದೂರದ ಊರಿನಲ್ಲಿ ಒಂದು ಮೇಳ ಇತ್ತು. ತೊಗಲುಗೊಂಬೆ ಆಡಿಸುವುದೇ ಕುಲಕಸುಬಾದ ಕಿಳ್ಳೇಕ್ಯಾತರ ಮನೆತನ. ಅಜ್ಜ, ಅಜ್ಜಿ, ಮಗ, ಸೊಸೆ, ಜೊತೆಗೆ ಮದ್ದಳೆ ಬಾರಿಸುವ ನೆಂಟ. ಫೋನ್ ಮಾಡಿ, ‘ಮಕ್ಕಳಿಗೆ ಒಂದು ಗಂಟೆ ಆಟ ಆಡಿಕೊಡಿ, ಮೂರು ಸಾವಿರ ಕೊಡ್ತೀವಿ’ ಅಂದೆ. ಮೇಳದ ಯಜಮಾನರು, ಅಂದರೆ ಆ ಅಜ್ಜ, ಒಂದೇ ಒಂದು ಪ್ರಶ್ನೆ ಕೇಳಿದರು. ‘ರಾತ್ರಿ ಎಷ್ಟೊತ್ತಿಗೆ ಸ್ವಾಮಿ?’ ‘ರಾತ್ರಿ ಅಲ್ಲ, ಬೆಳಿಗ್ಗೆ ಹನ್ನೊಂದೂವರೆಗೆ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಆಯ್ತು, ಕತ್ಲೆ ಮಾಡಿಸಿ’ ಅಂದರು. ಮಾಡಿಸ್ತೀನಿ ಅಂದೆ. ಹೇಗೆ ಅಂತ ನಾನು ಯೋಚನೆ ಮಾಡಿರಲಿಲ್ಲ.

ತೊಗಲುಗೊಂಬೆ ಆಟ ನೋಡದವರಿಗೆ ಎರಡು ಮಾತು. ಬಿಳಿ ಬಟ್ಟೆಯ ಪರದೆ ಕಟ್ಟುತ್ತಾರೆ. ಹಿಂದೆ ದೀಪ. ಹಿಂದೆಲ್ಲ ಎಣ್ಣೆ ದೀಪ, ಈಗ ಹೆಚ್ಚಿನ ಕಡೆ ಬಲ್ಬು. ದೀಪಕ್ಕೂ ಪರದೆಗೂ ನಡುವೆ ಆಡಿಸುವವರು ಕೂತು ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿಯುತ್ತಾರೆ. ಗೊಂಬೆ ಮಾಡುವುದು ಚರ್ಮದಲ್ಲಿ. ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿ, ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು ಬಣ್ಣ ಹಾಕುತ್ತಾರೆ. ಜಿಂಕೆ ಚರ್ಮದ ಹಳೇ ಗೊಂಬೆಗಳು ಕೆಲವರ ಪೆಟ್ಟಿಗೆಯಲ್ಲಿ ಇನ್ನೂ ಇವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಮುಟ್ಟುವ ಹಾಗಿಲ್ಲ, ಈಗ ಆಡಿನ ಚರ್ಮವೇ. ಆಂಧ್ರದ ಗೊಂಬೆಗಳು ಆಳೆತ್ತರ ಇರುತ್ತವೆ, ಕೈಕಾಲಿಗೆಲ್ಲ ಕೀಲು. ನಮ್ಮ ಕಡೆಯವು ಹೆಚ್ಚಾಗಿ ಚಿಕ್ಕವು. ಅದರಲ್ಲೂ ರಾಜ ದೊಡ್ಡ ಗೊಂಬೆ, ಸೇವಕ ಚಿಕ್ಕ ಗೊಂಬೆ. ಕೆಲವು ಸಲ ಒಂದೇ ತೊಗಲಿನಲ್ಲಿ ಮರ, ಮರದ ಕೆಳಗೆ ಸೀತೆ, ಸುತ್ತ ರಾಕ್ಷಸಿಯರು, ಇಡೀ ಅಶೋಕವನ ಇರುತ್ತದೆ. ಇದೆಲ್ಲ ಕಾಣಬೇಕಾದರೆ ನೋಡುವವರ ಕಡೆ ಕತ್ತಲೆ ಇರಬೇಕು. ಅಷ್ಟೇ ವಿಷಯ. ಅಷ್ಟನ್ನೇ ನಾವು ಮರೆತದ್ದು.

ಆವತ್ತು ಏನಾಯಿತು ಅಂದರೆ, ಹನ್ನೊಂದೂವರೆಗೆ ಶುರುವಾಗಬೇಕಿದ್ದ ಆಟ ಒಂದಕ್ಕೆ ಹತ್ತು ನಿಮಿಷ ಇದ್ದಾಗ ಶುರುವಾಯಿತು, ಯಾಕೆಂದರೆ ಅದಕ್ಕೆ ಮೊದಲು ಪ್ರಾರ್ಥನೆ, ಸ್ವಾಗತ, ಹಾರ ಹಾಕುವುದು, ಶಾಲು ಹೊದಿಸುವುದು, ವೇದಿಕೆ ಮೇಲಿದ್ದ ಏಳು ಜನ ಗಣ್ಯರಲ್ಲಿ ಐದು ಜನರ ಭಾಷಣ ಎಲ್ಲ ಮುಗಿಯಬೇಕಿತ್ತು. ಬಾಗಿಲಿಲ್ಲದ ಕಿಟಕಿಗೆ ಜಮಖಾನ ಕಟ್ಟಿದ್ದೆವು, ಗಾಳಿಗೆ ಒಂದು ಬಿತ್ತು. ಬಾಗಿಲಲ್ಲಿ ಊರಿನವರು ನಿಂತಿದ್ದರಿಂದ ಬಾಗಿಲು ಮುಚ್ಚಲಿಲ್ಲ. ಪರದೆ ಮೇಲೆ ಏನೋ ಮಸುಕು ಮಸುಕಾಗಿ ಅಲ್ಲಾಡುತ್ತಿತ್ತು. ಮುಂದೆ ಕೂತ ಒಂದನೇ ತರಗತಿಯವರು ಗೊಂಬೆ ಬಿಟ್ಟು ಪರದೆ ಕೆಳಗೆ ಕಾಣುತ್ತಿದ್ದ ಅಜ್ಜನ ಕಾಲು ನೋಡಿ ನಗುತ್ತಿದ್ದರು. ಹಿಂದಿದ್ದವರಿಗೆ ಕಾಲೂ ಕಾಣಲಿಲ್ಲ. ಒಂದೂಕಾಲಿಗೆ ಬಿಸಿಯೂಟದ ಸಾರಿನ ವಾಸನೆ ಬಂತು. ಅಲ್ಲಿಗೆ ಮುಗೀತು. ಯಜಮಾನರು ಇಪ್ಪತ್ತೈದು ನಿಮಿಷಕ್ಕೆ ಮಂಗಳ ಹಾಡಿಬಿಟ್ಟರು.

ಮಕ್ಕಳ ಶಿಸ್ತು ಸರಿ ಇಲ್ಲ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಮೈಕಿನಲ್ಲೇ ಬೈದರು. ನಾನೂ ಹೌದು ಅಂತ ತಲೆ ಆಡಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ, ಕಾಣದೇ ಇರುವುದನ್ನು ಮಕ್ಕಳು ಸುಮ್ನೆ ಕೂತು ನೋಡಬೇಕಿತ್ತಾ?

ನಿಜವಾಗಿ ಕಣ್ಣು ತೆರೆಸಿದ್ದು ಎರಡು ವಸ್ತು. ಒಂದು ಖರ್ಚಿನ ಚೀಟಿ. ಶಾಮಿಯಾನ, ಕುರ್ಚಿ 2,500. ಮೈಕು 1,500. ಹಾರ, ಶಾಲು, ಹಣ್ಣಿನ ಬುಟ್ಟಿ 1,900. ಫ್ಲೆಕ್ಸ್ 800. ಮೇಳಕ್ಕೆ 3,000. ಒಟ್ಟು 9,700 ರೂಪಾಯಿಯಲ್ಲಿ ಯಾರ ಆಟಕ್ಕಾಗಿ ಕಾರ್ಯಕ್ರಮವೋ ಅವರಿಗೆ ಸಿಕ್ಕಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆ ಮೂರು ಸಾವಿರದಲ್ಲೇ ಪೆಟ್ಟಿಗೆ, ಜನ ತುಂಬಿಕೊಂಡು ಬಂದ ಗಾಡಿಯ ಬಾಡಿಗೆ 1,400 ಹೋಗಿತ್ತು. ಉಳಿದ 1,600ನ್ನು ಐದು ಜನಕ್ಕೆ ಹಂಚಿದರೆ ತಲೆಗೆ 320. ಆ ವರ್ಷ ನರೇಗಾದಲ್ಲಿ ಮಣ್ಣು ಹೊರುವವರ ದಿನಗೂಲಿ 309 ರೂಪಾಯಿ. ಹನ್ನೊಂದು ರೂಪಾಯಿ ಜಾಸ್ತಿ ಕೊಟ್ಟು ‘ಕಲೆಗೆ ಪ್ರೋತ್ಸಾಹ’ ಅಂತ ಫ್ಲೆಕ್ಸಿನಲ್ಲಿ ಹಾಕಿಸಿದ್ದೆವು.

ಎರಡನೆಯದು ಫೋಟೋಗಳು. ಗಣ್ಯರು ಎಚ್‌ಎಂ ಕೋಣೆಯಲ್ಲಿ ಊಟ ಮಾಡುವ ಫೋಟೋ ನಾಲ್ಕಿವೆ. ಮೇಳದವರು ಎಲ್ಲಿ ಉಂಡರು? ಕೇಳಿದಾಗ ಗೊತ್ತಾಯಿತು, ಅಡುಗೆ ಮನೆ ಹಿಂದೆ, ನಲ್ಲಿ ಪಕ್ಕ. ಯಾರೂ ಬೇಕು ಅಂತ ಹೇಳಿ ಮಾಡಿಸಿದ್ದಲ್ಲ. ‘ಅವ್ರು ಅಲ್ಲೇ ಕೂತ್ರು, ಅಲ್ಲೇ ಕೊಟ್ವಿ ಸಾರ್’ ಅಂದರು ಅಡುಗೆಯವರು. ಅವರು ಯಾಕೆ ಅಲ್ಲೇ ಕೂತರು ಅನ್ನುವುದು ಅಡುಗೆಯವರಿಗೂ ಗೊತ್ತು, ನನಗೂ ಗೊತ್ತು.

ಮುಂದಿನ ವರ್ಷ ನವೆಂಬರ್ ಬರುವ ಹೊತ್ತಿಗೆ ಮತ್ತೆ ಯಾರನ್ನಾದರೂ ಕರೆಸೋಣ ಅನ್ನುವ ಮಾತು ಬಂತು. ನಾನು ಬೇಡ, ಮೊದಲು ಆ ಯಜಮಾನರ ಹತ್ತಿರ ಹೋಗಿ ಮಾತಾಡಿಕೊಂಡು ಬರುತ್ತೇನೆ ಅಂದೆ. ಭಾನುವಾರ ಬೈಕಿನಲ್ಲಿ ಹೋದೆ. ಮನೆಯಲ್ಲಿ ಅವರವರೇ ಆಡುತ್ತಿದ್ದ ಮಾತು ಮರಾಠಿ ತರಹ ಕೇಳಿಸಿತು. ಆಟ ಮಾತ್ರ ಪೂರ್ತಿ ಕನ್ನಡ. ನನ್ನನ್ನು ನೋಡಿ ಗುರುತು ಹಿಡಿದರು. ನಾನು ತಪ್ಪಾಯಿತು ಅಂತ ಶುರು ಮಾಡುವ ಮೊದಲೇ ಅವರೇ ನಗುತ್ತಾ ಹೇಳಿದರು.

‘ಮೇಷ್ಟ್ರೇ, ನೀವು ನಮ್ಮನ್ನ ಕರೆದ್ರಿ, ಕತ್ಲೆನ ಕರೀಲಿಲ್ಲ.’

ಆಮೇಲೆ ಎರಡು ಗಂಟೆ ಕೂತಿದ್ದೆ. ಆ ಎರಡು ಗಂಟೆಯನ್ನು ನವೆಂಬರ್ 14ಕ್ಕೆ ಮೊದಲು ಕೂತಿದ್ದರೆ ಈ ಬರಹದ ಅರ್ಧ ಬೇಕೇ ಇರಲಿಲ್ಲ. ಅವರಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲವಂತೆ. ನೂರಾರು ಕಡೆ ಆಡಿದ್ದಾರೆ, ಎಲ್ಲರೂ ಕೇಳುವುದು ‘ಎಷ್ಟು ತಗೋತೀರಿ, ಎಷ್ಟೊತ್ತು ಆಡ್ತೀರಿ’ ಇವೆರಡೇ. ಅವರು ಹೇಳಿದ್ದು ಇಷ್ಟು. ಆಟ ಸಂಜೆ ಏಳರ ಮೇಲೆ ಇರಬೇಕು. ಹುಣ್ಣಿಮೆ ಹತ್ತಿರ ಬೇಡ. ಎಲ್‌ಇಡಿ ಬೇಡ, ಹಳೇ ಬುರುಡೆ ಬಲ್ಬು 100 ವ್ಯಾಟಿನದು ಸಿಕ್ಕಿದರೆ ತನ್ನಿ, ಬಿಳೀ ಬೆಳಕಿನಲ್ಲಿ ಗೊಂಬೆ ಹೆಣದ ತರಹ ಕಾಣುತ್ತೆ. ಹಿಂದೆ ಮುಂದೆ ಭಾಷಣ ಇದ್ದರೆ ಆಟ ಮುಗಿದ ಮೇಲೆ ಇಟ್ಟುಕೊಳ್ಳಿ. ದುಡ್ಡು ಆವತ್ತೇ ಕೊಡಿ. ಕೊನೆಯದು ನಾನು ನಿರೀಕ್ಷೆ ಮಾಡಿರಲಿಲ್ಲ. ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಸೀಲ್ ಹಾಕಿ, ಇಂಥ ದಿನ ಇಲ್ಲಿ ಪ್ರದರ್ಶನ ಕೊಟ್ಟರು ಅಂತ ಒಂದು ಪತ್ರ ಬೇಕು. ಕಲಾವಿದರ ಮಾಸಾಶನಕ್ಕೋ ಇನ್ನೊಂದಕ್ಕೋ ಅರ್ಜಿ ಹಾಕುವಾಗ ಇಷ್ಟು ವರ್ಷ ಆಡಿದ್ದೀರಿ ಅನ್ನುವುದಕ್ಕೆ ದಾಖಲೆ ಕೇಳುತ್ತಾರಂತೆ. ಐವತ್ತು ವರ್ಷ ಆಡಿದವರ ಹತ್ತಿರ ಕಾಗದ ಇದ್ದದ್ದು ಒಂದು ಪ್ಲಾಸ್ಟಿಕ್ ಕವರು ತುಂಬ, ಅದರಲ್ಲಿ ಅರ್ಧ ಮದುವೆ ಕರೆಯೋಲೆ. ನಾವು ಮೊದಲ ಸಲ ಶಾಲು ಹೊದಿಸಿ ಕಳಿಸಿದ್ದೆವಲ್ಲ, ಆ ಶಾಲಿಗಿಂತ ಈ ಒಂದು ಹಾಳೆ ಅವರಿಗೆ ಬೇಕಿತ್ತು. ಹಿಂದಿನ ಸಲದ್ದೂ ಸೇರಿಸಿ ಎರಡು ಪತ್ರ ಕೊಡಿಸಿದೆ.

ಹೀಗೆ 2024ರ ಫೆಬ್ರವರಿ ಎರಡನೇ ವಾರ ಅಂತ ತೀರ್ಮಾನ ಆಯಿತು. ಈ ಸಲ ಬರೀ ಆಟ ಅಲ್ಲ. ಯಜಮಾನರು, ಅಜ್ಜಿ ಇಬ್ಬರೂ ಮೂರು ದಿನ ಶಾಲೆಯಲ್ಲೇ ಇರುವುದು, ಮೂರನೇ ದಿನ ಸಂಜೆ ಮೇಳದ ಉಳಿದವರು ಬಂದು ಆಟ ಕಟ್ಟುವುದು.

ಶಾಲೆಯೊಳಗೇ ಇದಕ್ಕೆ ಒಪ್ಪಿಸುವುದು ಸುಲಭ ಇರಲಿಲ್ಲ. ಗಣಿತದ ಮೇಡಂ ನೇರವಾಗಿ ಹೇಳಿದರು, ಮಾರ್ಚಿನಲ್ಲಿ ಪರೀಕ್ಷೆ ಇಟ್ಟುಕೊಂಡು ಫೆಬ್ರವರಿಯಲ್ಲಿ ಮೂರು ದಿನ ಗೊಂಬೆ ಆಡಿಸಿದರೆ ಪಾಠ ಮುಗಿಸುವವರು ಯಾರು ಅಂತ. ಅವರ ಮಾತಿನಲ್ಲಿ ತಪ್ಪಿಲ್ಲ. ಕೊನೆಗೆ ಬೆಳಿಗ್ಗೆಯ ಮೂರು ಪೀರಿಯಡ್ ಎಂದಿನಂತೆ, ಊಟದ ನಂತರ ಮಾತ್ರ ಗೊಂಬೆ, ಒಂದು ದಿನಕ್ಕೆ ಎರಡು ತರಗತಿ ಮಾತ್ರ, ಅಂತ ಒಪ್ಪಂದ ಆಯಿತು. ಎಲ್ಲ 143 ಮಕ್ಕಳನ್ನೂ ಒಟ್ಟಿಗೆ ಕೂರಿಸುವ ಆಸೆಯನ್ನು ಅಲ್ಲಿಗೆ ಬಿಟ್ಟೆವು. ನಾಲ್ಕರಿಂದ ಏಳನೇ ತರಗತಿಯವರಿಗೆ ಕೈಕೆಲಸ, ಒಂದರಿಂದ ಮೂರಕ್ಕೆ ಅಜ್ಜಿಯ ಹಾಡು ಮತ್ತು ಕತೆ. ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯ ಈ ಚಿಕ್ಕ ಮಕ್ಕಳು ಹೇಗೂ ನೆಲದ ಮೇಲೆ ಸುತ್ತ ಕೂರುವವರು, ಅಜ್ಜಿಗೆ ಅದು ಮನೆಯ ಹಾಗೇ ಇತ್ತು.

ದುಡ್ಡಿನ ವಿಷಯ. ನಮ್ಮಂಥ ಶಾಲೆಗೆ, ಅಂದರೆ 100ರಿಂದ 250 ಮಕ್ಕಳಿರುವ ಶಾಲೆಗೆ, ಸಮಗ್ರ ಶಿಕ್ಷಣದ ಶಾಲಾ ಅನುದಾನ ವರ್ಷಕ್ಕೆ 50,000. ಕೇಳುವುದಕ್ಕೆ ದೊಡ್ಡ ಮೊತ್ತ. ಚಾಕ್‌ಪೀಸ್, ಕರೆಂಟು ಬಿಲ್ಲು, ಶೌಚಾಲಯದ ರಿಪೇರಿಗೆ ಅದು ಸಾಕಾಗುವುದಿಲ್ಲ, ಅದನ್ನು ಮುಟ್ಟಲಿಲ್ಲ. ಮಕ್ಕಳ ಹತ್ತಿರ ಒಂದು ರೂಪಾಯಿಯೂ ಕೇಳಬಾರದು ಅಂತ ಮೊದಲೇ ನಿರ್ಧಾರ. ಖರ್ಚು ಹೀಗಾಯಿತು: ಇಬ್ಬರು ಕಲಾವಿದರಿಗೆ ಮೂರು ದಿನ, ದಿನಕ್ಕೆ ತಲಾ 800ರಂತೆ 4,800. ಆಟಕ್ಕೆ 7,000. ಗಾಡಿ ಬಾಡಿಗೆ ಬೇರೆಯಾಗಿ 1,500. ಪರದೆ ಬಟ್ಟೆ 450. ಡ್ರಾಯಿಂಗ್ ಹಾಳೆ, ಬಣ್ಣ, ಎಣ್ಣೆ, ಬಿದಿರು 650. ಒಟ್ಟು 14,400. ಹಳೇ ವಿದ್ಯಾರ್ಥಿಗಳು 8,000 ಕೊಟ್ಟರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಸೇರಿ 3,000, ನಾವು ಶಿಕ್ಷಕರು ಉಳಿದದ್ದು. ಶಾಮಿಯಾನ ಇಲ್ಲ, ಮೈಕಿಲ್ಲ, ಫ್ಲೆಕ್ಸ್ ಇಲ್ಲ. ಮೊದಲ ಸಲಕ್ಕಿಂತ ಖರ್ಚು ಜಾಸ್ತಿಯೇ, ಆದರೆ 1,100 ಬಿಟ್ಟು ಉಳಿದದ್ದೆಲ್ಲ ಅವರ ಕೈಗೇ ಹೋಯಿತು.

ಹಳೇ ವಿದ್ಯಾರ್ಥಿಗಳ ಎಂಟು ಸಾವಿರದಲ್ಲಿ ನಾಲ್ಕು ಸಾವಿರ ಬರುವುದು ಆರು ವಾರ ತಡವಾಯಿತು. ಆವತ್ತೇ ಕೊಡಿ ಅಂತ ಯಜಮಾನರು ಕೇಳಿದ್ದರಲ್ಲ, ಹಾಗಾಗಿ ನಾನೂ ಎಚ್‌ಎಂ ಮೇಡಮ್ಮೂ ಕೈಯಿಂದ ಹಾಕಿ ಆ ಸಂಜೆಯೇ ಪೂರ್ತಿ ಕೊಟ್ಟೆವು. ದುಡ್ಡು ಕೈಗೆ ಬರುವ ಮೊದಲು ದಿನ ಗೊತ್ತು ಮಾಡಬಾರದು ಅನ್ನುವುದನ್ನು ನಾವು ಹೀಗೆ ಕಲಿತೆವು.

ಮೊದಲ ದಿನ ಆರು ಮತ್ತು ಏಳನೇ ತರಗತಿ. ಆರನೆಯವರಿಗೆ ವಿಜ್ಞಾನದಲ್ಲಿ ಬೆಳಕು, ನೆರಳು, ಪ್ರತಿಫಲನದ ಪಾಠ ಆಗಷ್ಟೇ ಮುಗಿದಿತ್ತು. ಪಾರದರ್ಶಕ, ಅಪಾರದರ್ಶಕ, ಅರೆಪಾರದರ್ಶಕ ಅಂತ ಬಾಯಿಪಾಠ ಮಾಡಿಕೊಂಡಿದ್ದರು. ಕೋಣೆ ಕತ್ತಲೆ ಮಾಡಿ (ಈ ಸಲ ಒಂದೇ ಸಣ್ಣ ಕೋಣೆ, ಕಿಟಕಿಗೆ ರಟ್ಟು ಬಡಿದು, ಬಾಗಿಲಿಗೆ ಕಂಬಳಿ) ಯಜಮಾನರು ಹನುಮಂತನ ಗೊಂಬೆ ಹಿಡಿದರು. ಕೆಂಪು, ಹಸಿರು, ಹಳದಿ ಹೊಳೆಯಿತು. ಒಬ್ಬ ಹುಡುಗ ಎದ್ದು ನಿಂತು ಕೇಳಿದ.

‘ಸಾರ್, ನೆರಳು ಕಪ್ಪಗಿರ್ಬೇಕು ಅಲ್ವಾ? ಇದಕ್ಕೆ ಬಣ್ಣ ಎಲ್ಲಿಂದ ಬಂತು?’

ನಾನು ಉತ್ತರ ಹೇಳಲು ಬಾಯಿ ತೆರೆದೆ, ಯಜಮಾನರು ಕೈ ಅಡ್ಡ ಹಿಡಿದು ತಡೆದರು. ತಮ್ಮ ಅಂಗೈಯನ್ನೇ ದೀಪದ ಮುಂದೆ ಹಿಡಿದರು. ಕಪ್ಪು ನೆರಳು. ಗೊಂಬೆ ಹಿಡಿದರು. ಬಣ್ಣ. ಆಮೇಲೆ ಗೊಂಬೆಯನ್ನು ಪರದೆಯಿಂದ ಒಂದು ಮೊಳ ಹಿಂದಕ್ಕೆ ಎಳೆದರು. ಹನುಮಂತ ಬೆಳೆದ, ಅಂಚು ಕರಗಿಹೋಯಿತು. ಮತ್ತೆ ಒತ್ತಿ ಹಿಡಿದರು, ತೂತು ತೂತೂ ಎಣಿಸುವ ಹಾಗೆ ಕಂಡಿತು. ‘ಇದ್ಕೇ ಒತ್ತಿ ಹಿಡಿಯೋದು’ ಅಂದರು, ಅಷ್ಟೇ. ಮುಂದಿನ ಮುಕ್ಕಾಲು ಗಂಟೆ ಮಕ್ಕಳು ಎಲೆ, ಸ್ಲೇಟು, ನೀರಿನ ಬಾಟಲಿ, ಬಳೆ, ಕನ್ನಡಕ ಏನು ಸಿಕ್ಕಿದರೆ ಅದನ್ನು ತಂದು ದೀಪದ ಮುಂದೆ ಹಿಡಿದರು. ಬಳೆ ಬಣ್ಣ ಕೊಟ್ಟಿತು, ಸ್ಲೇಟು ಕೊಡಲಿಲ್ಲ, ಅರಳಿ ಎಲೆ ಹಸಿರಾಗಿ ನರ ಎಲ್ಲ ತೋರಿಸಿತು. ನಾನು ಹದಿನಾಲ್ಕು ವರ್ಷದಿಂದ ಆ ಪಾಠ ಮಾಡುತ್ತಿದ್ದೇನೆ. ಟಾರ್ಚು, ರಟ್ಟು ಹಿಡಿದು ಮಾಡಿದ್ದೇನೆ. ‘ಅರೆಪಾರದರ್ಶಕ’ ಅನ್ನುವ ಉದ್ದ ಪದ ಒಂದು ಕಸುಬಿನ ಗುಟ್ಟು ಅಂತ ನನಗೇ ಹೊಳೆದಿರಲಿಲ್ಲ.

ಗೊಂಬೆ ಮಾಡುವುದು ಹೇಗೆ ಅನ್ನುವ ಪ್ರಶ್ನೆ ಮೊದಲೇ ಇತ್ತು. ಮಕ್ಕಳ ಕೈಗೆ ಉಳಿ, ಚರ್ಮ ಕೊಡಲಾಗುವುದಿಲ್ಲ, ಚರ್ಮ ಹದ ಮಾಡುವುದಕ್ಕೇ ದಿನಗಟ್ಟಲೆ ಬೇಕು. ದಾರಿ ತೋರಿಸಿದ್ದು ಅಜ್ಜಿ. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಬರೆದು, ಬಣ್ಣ ಹಚ್ಚಿ, ಕತ್ತರಿಸಿ, ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡೂ ಕಡೆ ಉಜ್ಜಿದರೆ ಹಾಳೆ ತೊಗಲಿನ ಹಾಗೆ ಬೆಳಕು ಬಿಡುತ್ತದೆ. ಪೂರಿ ಸುತ್ತಿ ಕೊಟ್ಟ ಪೇಪರು ನೋಡಿದವರಿಗೆ ಇದು ಗೊತ್ತೇ ಇರಬೇಕಾದ ವಿಷಯ. ಬಣ್ಣ ಮೊದಲು, ಎಣ್ಣೆ ಆಮೇಲೆ. ಉಲ್ಟಾ ಮಾಡಿದ ನಾಲ್ಕನೇ ತರಗತಿಯ ಎಂಟು ಗೊಂಬೆಗೆ ಬಣ್ಣವೇ ಹತ್ತಲಿಲ್ಲ. ಬಿದಿರಿನ ಕಡ್ಡಿಯನ್ನು ಮಧ್ಯಕ್ಕೆ ಸೀಳಿ ಗೊಂಬೆಯನ್ನು ನಡುವೆ ಸಿಕ್ಕಿಸಿ ದಾರ ಕಟ್ಟಿದರೆ ಹಿಡಿಕೆ ತಯಾರು.

ಯಾರೂ ರಾಮ, ರಾವಣ ಮಾಡಲಿಲ್ಲ ಅನ್ನುವುದು ನನಗೆ ಆಶ್ಚರ್ಯ. ಮಕ್ಕಳು ಮಾಡಿದ್ದು ಕಬ್ಬಿನ ಲಾರಿ, ಹಸು, ಬೋರ್‌ವೆಲ್ ಲಾರಿ, ಚಿರತೆ (ಆ ತಿಂಗಳು ಪಕ್ಕದ ಊರಿನಲ್ಲಿ ಚಿರತೆ ಬಂದಿತ್ತು) ಮತ್ತು, ಹೇಳದೇ ಇರಲಾಗದು, ಗಣಿತದ ಮೇಡಂ. ಮೇಡಂ ಗೊಂಬೆ ಚೆನ್ನಾಗಿತ್ತು. ಅವರು ಅದನ್ನು ಮನೆಗೆ ತೆಗೆದುಕೊಂಡು ಹೋದರು. ಪುರಾಣ ಬಿಟ್ಟು ಬೇರೆ ಕತೆ ಆಡಿಸಬಹುದಾ ಅಂತ ಒಬ್ಬಳು ಕೇಳಿದ್ದಕ್ಕೆ ನಾನು ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ವಿಷಯ ಹೇಳಿದೆ, ಅವರು ಗಾಂಧೀಜಿಯ ಬದುಕನ್ನೇ ತೊಗಲುಗೊಂಬೆಗೆ ತಂದಿದ್ದರು, 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಯಜಮಾನರು ‘ದೊಡ್ಡೋರು ಅವ್ರು’ ಅಂತ ಒಂದು ಕ್ಷಣ ಕೈ ಮುಗಿದು ಮತ್ತೆ ಕಡ್ಡಿ ಸೀಳತೊಡಗಿದರು.

ಮಾತೇ ಆಡದ ಹುಡುಗಿ ಪರದೆ ಹಿಂದೆ ಹೋದ ಕೂಡಲೇ ಪಟಪಟ ಮಾತಾಡಿದಳು ಅನ್ನುವಂಥ ಕತೆ ಇಂಥ ಬರಹಗಳಲ್ಲಿ ಒಂದು ಇದ್ದೇ ಇರುತ್ತದೆ. ನನ್ನ ಹತ್ತಿರ ಇಲ್ಲ. ನಮ್ಮ ಮಾತಾಡದ ಹುಡುಗಿ ಪರದೆ ಹಿಂದೆಯೂ ಮಾತಾಡಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕಡ್ಡಿ ಕಟ್ಟಿದಳು, ಅಷ್ಟೇ. ನಿಜವಾಗಿ ಆದ ಗಲಾಟೆ ಅಂದರೆ ದೀಪದ ಹತ್ತಿರ ಯಾರು ಕೂರಬೇಕು ಅನ್ನುವುದಕ್ಕೆ ಏಳನೇ ತರಗತಿಯ ಇಬ್ಬರು ಹೊಡೆದಾಡಿಕೊಂಡದ್ದು.

ಚರ್ಮದ ವಿಷಯಕ್ಕೆ ಎರಡನೇ ದಿನ ಬೆಳಿಗ್ಗೆ ಒಬ್ಬ ತಂದೆ ಬಂದರು. ‘ನಮ್ಮ ಮಗು ತೊಗಲು ಮುಟ್ಟೋದು ಬೇಡ ಸಾರ್, ಮನೇಲಿ ಅಮ್ಮ ಒಪ್ಪಲ್ಲ’ ಅಂದರು. ಅವರ ಕಾಲಿನಲ್ಲಿ ಚರ್ಮದ ಚಪ್ಪಲಿ ಇತ್ತು, ಅದನ್ನು ನಾನು ಹೇಳಲಿಲ್ಲ, ಹೇಳಬೇಕಿತ್ತೇನೋ. ಎಚ್‌ಎಂ ಮೇಡಂ, ಮಕ್ಕಳು ಮಾಡುತ್ತಿರುವುದು ಕಾಗದದ್ದು, ಶಾಲೆಯ ಮದ್ದಳೆ, ತಮಟೆ ಎಲ್ಲ ಚರ್ಮವೇ ಅಲ್ವಾ, ನೀವೂ ಒಳಗೆ ಬಂದು ನೋಡಿ ಅಂದರು. ಅವರು ಒಳಗೆ ಬರಲಿಲ್ಲ, ಮಗುವನ್ನು ಕರೆದುಕೊಂಡೂ ಹೋಗಲಿಲ್ಲ. ಅಲ್ಲಿಗೆ ನಿಂತಿತು. ಇದಕ್ಕೆ ಸುಖಾಂತ್ಯ ಇದೆ ಅಂತ ಬರೆದರೆ ಸುಳ್ಳಾಗುತ್ತದೆ.

ಊಟದ ವಿಷಯದಲ್ಲಿ ಮಾತ್ರ ನಾವು ಜಾಗ್ರತೆ ಮಾಡಿದೆವು. ಈ ಸಲ ಗಣ್ಯರೇ ಇಲ್ಲದ್ದರಿಂದ ಅರ್ಧ ಸಮಸ್ಯೆ ತಾನಾಗಿ ಹೋಯಿತು. ಯಜಮಾನರು, ಅಜ್ಜಿ, ನಾವು ಶಿಕ್ಷಕರು ಎಲ್ಲ ಮಕ್ಕಳ ಪಂಕ್ತಿಯಲ್ಲೇ ತಟ್ಟೆ ಹಿಡಿದು ಕೂತೆವು. ಮೊದಲ ದಿನ ಅಜ್ಜಿ ಪಂಕ್ತಿಯ ತುದಿ ಹುಡುಕಿಕೊಂಡು ಹೋದರು. ಎರಡನೇ ದಿನ ಎರಡನೇ ತರಗತಿಯ ಮಕ್ಕಳು ಜಾಗ ಹಿಡಿದಿಟ್ಟು ‘ಅಜ್ಜಿ ಇಲ್ಲಿ, ಅಜ್ಜಿ ಇಲ್ಲಿ’ ಅಂತ ಎಳೆದರು.

ಇನ್ನು ಕಿಳ್ಳೇಕ್ಯಾತನ ವಿಷಯ. ಆಟದಲ್ಲಿ ಗಣಪತಿ, ಸರಸ್ವತಿ ಬಂದು ಹೋದ ಮೇಲೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬರುತ್ತಾರೆ. ಕೆದರಿದ ಕೂದಲು, ದಪ್ಪ ತುಟಿ, ಬಾಯಿಗೆ ಬಂದದ್ದೆಲ್ಲ ಮಾತು. ಹಳ್ಳಿಯ ಆಟದಲ್ಲಿ ಇವರ ಮಾತು ಸಾಕಷ್ಟು ಪೋಲಿ. ಅದಕ್ಕೇ ಜನ ಅರ್ಧರಾತ್ರಿವರೆಗೆ ಕೂರುವುದು ಅಂತಲೂ ಹೇಳಬಹುದು. ನಮ್ಮವರಿಗೆ ಭಯ. ಸಂಭಾಷಣೆ ಮೊದಲೇ ಬರೆದು ಕೊಡಿ, ನಾವು ನೋಡಿ ಒಪ್ಪುತ್ತೇವೆ ಅಂತ ಕೇಳೋಣ ಅಂದರು ಒಬ್ಬರು. ಬರೆದು ಕೊಡುವುದು ಅಂದರೆ ಏನು, ಅದು ಅಲ್ಲಲ್ಲೇ ಹುಟ್ಟುವ ಮಾತು. ನಾನು ಯಜಮಾನರ ಹತ್ತಿರ ಅಳುಕುತ್ತಲೇ ಕೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ‘ನಂಗೂ ಮೊಮ್ಮಕ್ಕಳವೆ ಮೇಷ್ಟ್ರೇ. ಯಾರ ಮುಂದೆ ಯಾವ ಮಾತು ಅಂತ ನಮ್ಮಪ್ಪ ಕಲಿಸ್ದೆ ಬಿಟ್ಟಿಲ್ಲ.’ ಆಟದ ರಾತ್ರಿ ಬಂಗಾರಕ್ಕ ಗಂಡನಿಗೆ ಬೈದದ್ದು ಶಾಲೆಗೆ ಚಕ್ಕರ್ ಹೊಡೆದಿದ್ದಕ್ಕೆ, ಬಿಸಿಯೂಟದ ಮೊಟ್ಟೆ ಎರಡು ಕದ್ದದ್ದಕ್ಕೆ, ಶೌಚಾಲಯಕ್ಕೆ ಬೀಗ ಹಾಕಿಟ್ಟ ಎಸ್‌ಡಿಎಂಸಿಗೆ. ಕೊನೆಯದನ್ನು ಅವರು ಮೂರು ದಿನ ಶಾಲೆಯಲ್ಲಿ ಓಡಾಡಿ ಕಂಡುಕೊಂಡದ್ದು. ಎಸ್‌ಡಿಎಂಸಿ ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಇದ್ದರು. ಮುಂದಿನ ಸೋಮವಾರ ಬೀಗ ತೆಗೆಸಿದರು.

ಆಟದ ರಾತ್ರಿ ದೊಡ್ಡ ತಲೆನೋವಾದದ್ದು ಬೀದಿ ದೀಪ. ಶಾಲೆ ಮೈದಾನದ ಎದುರಿಗೇ ಕಂಬ, ಹೊಸ ಎಲ್‌ಇಡಿ, ಪರದೆಗೆ ನೇರ ಬೆಳಕು. ಆ ಒಂದನ್ನೇ ಆರಿಸಲು ಬರುವುದಿಲ್ಲ, ಆರಿಸಿದರೆ ಇಡೀ ಬೀದಿಯದ್ದು ಆರಬೇಕು. ಊರಿಗೆ ನೀರು ಬಿಡುವ ಪಂಚಾಯಿತಿಯ ನೀರುಗಂಟಿಯೇ ದೀಪದ ಸ್ವಿಚ್ಚಿಗೂ ಯಜಮಾನ. ಅವನು ‘ಯಾರಾದ್ರೂ ಎಡವಿ ಬಿದ್ರೆ ನನ್ನ ತಲೆಗೆ’ ಅಂತ ಹಿಂದೇಟು ಹಾಕಿದ. ಕೊನೆಗೆ ಆ ಬೀದಿಯ ಎಲ್ಲ ಮನೆಗೂ ಏಳನೇ ತರಗತಿಯ ಮಕ್ಕಳು ಸಂಜೆಯೇ ಹೋಗಿ, ಏಳೂವರೆಯಿಂದ ಒಂಬತ್ತೂವರೆವರೆಗೆ ಕತ್ತಲೆ ಇರುತ್ತದೆ, ಅದಕ್ಕೆ ಎಲ್ಲರೂ ಆಟಕ್ಕೇ ಬಂದುಬಿಡಿ ಅಂತ ಹೇಳಿ ಬಂದರು. ಪ್ರಚಾರಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನಮಗೆ ಹೊಳೆಯುತ್ತಿರಲಿಲ್ಲ. ಏಳೂವರೆಗೆ ದೀಪ ಆರಿತು. ಮುನ್ನೂರು ಜನ ಇದ್ದರು ಅಂತ ನನ್ನ ಅಂದಾಜು.

ಮೊದಲ ಇಪ್ಪತ್ತು ನಿಮಿಷ ಮಕ್ಕಳ ಕಾಗದದ ಗೊಂಬೆಗಳು. ಚಿರತೆ ಬಂದು ಕಬ್ಬಿನ ಲಾರಿ ಹತ್ತಿತು, ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಆದರೂ ಶಿಳ್ಳೆ ಬಿತ್ತು. ಆಮೇಲೆ ಲಂಕಾದಹನ. ಸೀತೆಯ ಮಾತು, ಹಾಡು ಅಜ್ಜಿಯದು. ಎಪ್ಪತ್ತು ದಾಟಿದ ದನಿ ಪರದೆಯ ಹಿಂದಿನಿಂದ ಬಂದರೆ ಅದಕ್ಕೆ ವಯಸ್ಸೇ ಇರುವುದಿಲ್ಲ. ಹನುಮಂತನ ಬಾಲಕ್ಕೆ ಬೆಂಕಿ ಹತ್ತಿದಾಗ ಯಜಮಾನರ ಮಗ ಬಲ್ಬು ಆರಿಸಿ ಎಣ್ಣೆ ದೀಪ ಹಿಡಿದ. ದೀಪದ ಕುಡಿ ಗಾಳಿಗೆ ಅಲ್ಲಾಡಿದ ಹಾಗೆ ಲಂಕೆಯೆಲ್ಲ ಅಲ್ಲಾಡಿತು. ಬಲ್ಬಿನ ಬೆಳಕಿನಲ್ಲಿ ಗೊಂಬೆ ಕುಣಿಯುತ್ತದೆ, ದೀಪದ ಬೆಳಕಿನಲ್ಲಿ ಉಸಿರಾಡುತ್ತದೆ. ಅದನ್ನು ನೋಡಿದ ಮೇಲೆ ಹಗಲು ಹನ್ನೊಂದೂವರೆಗೆ ಇವರನ್ನು ಕೂರಿಸಿದ್ದೆವಲ್ಲ ಅಂತ ನನಗೆ ಮತ್ತೊಮ್ಮೆ ಹೊಟ್ಟೆ ಉರಿಯಿತು.

ಸರಿ ಹೋಗದ್ದೂ ಇದೆ. ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳು ರಾತ್ರಿ ಆಟದಲ್ಲಿ ಎಂಟೂವರೆಗೇ ನಿದ್ದೆ ಹೋದರು, ರಾಕ್ಷಸಿ ನೋಡಿ ಇಬ್ಬರು ಅತ್ತರು. ಅವರಿಗೆ ಸಂಜೆ ಆರೂವರೆಗೆ ಬೇರೆ ಸಣ್ಣ ಆಟ ಇಡಬೇಕಿತ್ತು. ಪಕ್ಕದ ಹಳ್ಳಿಯಿಂದ ನಡೆದು ಬರುವ ಹದಿನೆಂಟು ಮಕ್ಕಳಲ್ಲಿ ಒಂಬತ್ತು ಜನ ರಾತ್ರಿ ಬರಲೇ ಇಲ್ಲ, ಹೆಣ್ಣುಮಕ್ಕಳೇ ಜಾಸ್ತಿ. ವಾಪಸು ಕಳಿಸುವ ವ್ಯವಸ್ಥೆಯನ್ನು ನಾವು ಯೋಚಿಸಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡುವವರ ಬೆಳಕು ತಡೆಯಲು ಇಬ್ಬರು ಶಿಕ್ಷಕರು ಆಟ ನೋಡದೆ ಓಡಾಡಬೇಕಾಯಿತು. ಪರೀಕ್ಷೆಯ ಅಂಕ ಇದರಿಂದ ಏರಿತಾ ಅಂತ ಕೇಳಿದವರಿದ್ದಾರೆ. ಏರಿದ್ದು ನನಗೆ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ. ಗಣಿತದ ಮೇಡಂ ಪಾಠ ಮುಗಿಸಿದರು.

ಪರದೆ ಬಟ್ಟೆಯನ್ನು ಶಾಲೆಯಲ್ಲೇ ಉಳಿಸಿಕೊಂಡೆವು. ಈಗ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಇದೆಯಲ್ಲ, ಆವತ್ತು ರಟ್ಟು ಬಡಿದ ಆ ಸಣ್ಣ ಕೋಣೆಯಲ್ಲಿ ಮಕ್ಕಳೇ ಆಡಿಸಿಕೊಳ್ಳುತ್ತಾರೆ. ಪ್ರತಿ ತಿಂಗಳೂ ಅಲ್ಲ, ಮನಸ್ಸು ಬಂದಾಗ. 2025ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಸುದ್ದಿ ಪೇಪರಿನಲ್ಲಿ ನೋಡಿ, ಮಕ್ಕಳು ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದರು. ‘ನಮ್ಮ ಅಜ್ಜಿಗೂ ಬರುತ್ತಾ?’ ಅಂತ ನಾಲ್ಕನೇ ತರಗತಿಯವಳೊಬ್ಬಳು ಕೇಳಿದಳು. ನಮ್ಮ ಅಜ್ಜಿಯ ಮಾಸಾಶನದ ಅರ್ಜಿಯೇ ಇನ್ನೂ ಓಡಾಡುತ್ತಿದೆ.

ಮತ್ತೆ ಕರೆಯುತ್ತಿದ್ದೇವೆ. ಈ ಸಲ ದುಡ್ಡು ಮೊದಲೇ ಜಮಾ ಆಗಿದೆ, ಪಕ್ಕದ ಹಳ್ಳಿಯ ಮಕ್ಕಳನ್ನು ವಾಪಸು ಬಿಡಲು ಒಂದು ಟ್ರ್ಯಾಕ್ಟರ್ ಒಪ್ಪಿಸಿದ್ದೇವೆ. ದಿನ ನೋಡಲು ಶಾಲೆಯ ಕ್ಯಾಲೆಂಡರ್ ಬಿಟ್ಟು ಪಂಚಾಂಗ ತೆಗೆದದ್ದು ಎಚ್‌ಎಂ ಮೇಡಂ. 2026ರ ಜನವರಿ 17, ಮೂರನೇ ಶನಿವಾರ. ಮಾರನೇ ದಿನ ಅವರಾತ್ರಿ ಅಮಾವಾಸ್ಯೆ. ಫೋನ್ ಮಾಡಿ ಹೇಳಿದೆ. ಯಜಮಾನರು ಈ ಸಲವೂ ಒಂದೇ ಪ್ರಶ್ನೆ ಕೇಳಿದರು, ನೀರುಗಂಟಿಗೆ ಹೇಳಿದ್ದೀರಾ ಅಂತ.